ಹಲ್ಲು ಕಚ್ಚಿ ಸಹಿಸುವ ಮುನ್ನ

ಕಷ್ಟ ಬಂದಾಗ ‘ಹಲ್ಲು ಕಚ್ಚಿ ಸಹಿಸಿದೆ’ ಎನ್ನುವುದು ನಮ್ಮಲ್ಲಿ ರೂಢಿಯ ಮಾತು. ಮನಸ್ಸಿನ ಭಾರವನ್ನು ದವಡೆಯೂ ಹೊರುತ್ತದೆ ಎಂಬ ಸತ್ಯ ಈ ಮಾತಿನೊಳಗೆ ಅಡಗಿದೆ. ತಿಂಗಳುಗಟ್ಟಲೆ ಬಿಡದೆ ಕಾಡುವ ದವಡೆಯ ನೋವಿನ ಕುರಿತು ಎರಡು ಮಾತು ಹೇಳಬೇಕೆಂದಿದ್ದೇನೆ.

ಕಾರ್ಕಳದಿಂದಲೋ ಕಾಪುವಿನಿಂದಲೋ ಉಡುಪಿಯ ಬಸ್ಸು ಹತ್ತುವ ರೋಗಿಯು ತನಗಿರುವುದು ಹಲ್ಲುನೋವೆಂದೇ ಭಾವಿಸಿರಬಹುದು. ಇನ್ನೊಬ್ಬರಿಗೆ ಅದು ಕಿವಿನೋವು, ಮತ್ತೊಬ್ಬರಿಗೆ ತಲೆನೋವು. ಮಣಿಪಾಲದಲ್ಲಿ 1965ರಲ್ಲಿ ದಂತವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಈ ಸೀಮೆಯವರಿಗೆ ತಜ್ಞರ ಸಲಹೆ ದೂರದ ಮಾತಲ್ಲ. ಆದರೆ ನೋವಿನ ಮೂಲ ಹಲ್ಲಿನಲ್ಲಿ ಇಲ್ಲದಿದ್ದರೆ, ಹಲ್ಲು ಕೀಳಿಸಿದರೂ ನೋವು ಉಳಿಯುತ್ತದೆ. ಹೋಗುವುದು ಹಲ್ಲು ಮಾತ್ರ.

ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಬಿಗಿಹಿಡಿಯಿರಿ. ಉಬ್ಬಿ ಗಟ್ಟಿಯಾಗುವುದೇ ಅಗಿಯುವ ಮುಖ್ಯ ಸ್ನಾಯು. ಅದರ ಜೊತೆಗಾರ ಕಪಾಲದ ಬದಿಯಲ್ಲಿದೆ. ಸುಮ್ಮನಿರುವಾಗ ತುಟಿಗಳು ಕೂಡಿದ್ದರೂ ಮೇಲಿನ ಹಲ್ಲು ಕೆಳಗಿನದನ್ನು ಮುಟ್ಟಬೇಕಾಗಿಲ್ಲ. ಚಿಂತೆಯಲ್ಲಿ ಹಲ್ಲು ಬಿಗಿಹಿಡಿಯುವವರ, ನಿದ್ದೆಯಲ್ಲಿ ಹಲ್ಲು ಕಡಿಯುವವರ, ಸದಾ ಎಲೆಅಡಿಕೆ ಜಗಿಯುವವರ ಸ್ನಾಯುಗಳಿಗೆ ಈ ವಿಶ್ರಾಂತಿ ದೊರೆಯದು.

ಆದುದರಿಂದ ಚಿಕಿತ್ಸೆಯ ಮೊದಲ ಮೆಟ್ಟಿಲು ಮನೆಯಲ್ಲೇ ಇದೆ. ಕೆಲವು ದಿನ ಚಕ್ಕುಲಿ, ಅಡಿಕೆಗಳನ್ನು ದೂರವಿಟ್ಟು ಮೆತ್ತಗಿನ ಆಹಾರ ಸೇವಿಸುವುದು. ನಮ್ಮ ಕುಚ್ಚಲಕ್ಕಿ ಗಂಜಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯ ಶಾಖವೂ ಹಿತ. ಆಕಳಿಸುವಾಗ ಗಲ್ಲಕ್ಕೆ ಕೈಯ ಆಸರೆ ಕೊಡಬೇಕು. ಎರಡನೆಯ ಮೆಟ್ಟಿಲು ತಜ್ಞರ ಮೇಲ್ವಿಚಾರಣೆಯಲ್ಲಿ ದವಡೆಯ ವ್ಯಾಯಾಮ, ಸ್ನಾಯುವನ್ನು ಒತ್ತಿ ಸಡಿಲಿಸುವ ಅಂಗಮರ್ದನ, ಮತ್ತು ನೋವನ್ನು ಹೆಚ್ಚಿಸುವ ಯೋಚನೆ–ಅಭ್ಯಾಸಗಳನ್ನು ತಿದ್ದುವ ಮನಶ್ಶಾಸ್ತ್ರೀಯ ಚಿಕಿತ್ಸೆ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ದೀರ್ಘಕಾಲದ ದವಡೆನೋವಿಗೆ ಒತ್ತಿ ಹೇಳಿದ್ದು ಇಂಥ ಸರಳ ಉಪಾಯಗಳನ್ನೇ.

ರಾತ್ರಿ ಹಲ್ಲಿಗೆ ತೊಡಿಸುವ ಪ್ಲಾಸ್ಟಿಕ್ ಕವಚ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದು ಹಲ್ಲಿನ ಸವೆತವನ್ನು ತಡೆಯಬಹುದು; ಆದರೆ ದೀರ್ಘಕಾಲದ ನೋವಿಗೆ ಅದನ್ನಾಗಲಿ, ಬೊಟುಲಿನಂ ಚುಚ್ಚುಮದ್ದನ್ನಾಗಲಿ ಎಲ್ಲರಿಗೂ ಕೊಡಬೇಕೆಂದು ಆ ಮಾರ್ಗಸೂಚಿ ಹೇಳುವುದಿಲ್ಲ. ಕಚ್ಚುವ ಕ್ರಮವನ್ನೇ ಶಾಶ್ವತವಾಗಿ ಬದಲಿಸುವ ಕವಚವನ್ನೂ, ಕೀಲಿನೊಳಗಿನ ಬಿಲ್ಲೆಯನ್ನು ತೆಗೆಯುವ ಶಸ್ತ್ರಕ್ರಿಯೆಯನ್ನೂ ಅದು ಬಲವಾಗಿ ವಿರೋಧಿಸುತ್ತದೆ. ಮಾಡಿದ್ದನ್ನು ಮರಳಿ ಸರಿಪಡಿಸಲಾಗದ ಚಿಕಿತ್ಸೆಗೆ ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ವಿವೇಕ.

ಕೆಲವು ಲಕ್ಷಣಗಳಿಗೆ ಮಾತ್ರ ತಡಮಾಡಕೂಡದು. ಊತ ಮತ್ತು ಜ್ವರ ಬಂದರೆ, ಬಾಯಿ ದಿನೇದಿನೇ ಕಿರಿದಾಗಿ ತೆರೆಯತೊಡಗಿದರೆ ಬೇಗನೆ ವೈದ್ಯರನ್ನು ಕಾಣಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಕಪಾಲದ ನೋವು ಬಂದು, ಅಗಿಯುವಾಗ ದವಡೆ ನೊಂದು, ದೃಷ್ಟಿ ಮಸುಕಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಎದೆಯ ಬಿಗಿತದೊಡನೆ ದವಡೆ ನೊಂದರೆ ಅದು ಹೃದಯದ ಕರೆ, ಕ್ಷಣವೂ ಕಾಯಬಾರದು.

ಉಳಿದಂತೆ ಈ ನೋವು ಬಹುಪಾಲು ಅವಸರವನ್ನು ಬೇಡುವುದಿಲ್ಲ, ತಾಳ್ಮೆಯನ್ನು ಬೇಡುತ್ತದೆ. ಆ ತಾಳ್ಮೆಗೆ ಹಲ್ಲು ಕಚ್ಚಬೇಕಾಗಿಲ್ಲ.