ಕೆಟ್ಟ ಗಾಳಿಯಂತ್ರಕ್ಕೆ ಬದಲಾಗಿ ಹೊಸದನ್ನು ಕೊಳ್ಳುವಾಗ

ಬೇಸಾಯಗಾರನ ಮನೆಯಲ್ಲಿ ಟೈರುಗಳಿಗೆ ಗಾಳಿ ತುಂಬುವ ಕಂಪ್ರೆಸರು ಕೆಟ್ಟಾಗ, ಪಂಪನ್ನು ಮಾತ್ರ ಬದಲಾಯಿಸಿ ಹಳೆಯ ಟ್ಯಾಂಕನ್ನೇ ಉಳಿಸಿಕೊಳ್ಳುವುದುಂಟು. ಇದು ಅಪಾಯಕರವು. ಒತ್ತಿದ ಗಾಳಿಯು ತಣಿದಂತೆ ಅದರೊಳಗಿನ ತೇವವು ನೀರಾಗಿ ತಳದಲ್ಲಿ ನಿಲ್ಲುವುದು. ಹೊರಗಣ ಬಣ್ಣವು ಮಾಸದಿದ್ದರೂ ಒಳಗಣ ಉಕ್ಕು ತುಕ್ಕಿನಿಂದ ಸವೆದಿರಬಹುದು. ಅಂತಹ ಟ್ಯಾಂಕು ಸಿಡಿದರೆ ಹತ್ತಿರವಿದ್ದವರ ಪ್ರಾಣಕ್ಕೇ ಸಂಚಕಾರ. ತೂತಿಗೆ ಬೆಸುಗೆ ಹಾಕಿಸುವುದಂತೂ ಕೂಡದು.

ಹೊಸದನ್ನು ಆರಿಸುವಾಗ ಟ್ಯಾಂಕಿನ ಗಾತ್ರಕ್ಕೆ ಮರುಳಾಗದೆ, ಕೆಲಸದ ಒತ್ತಡದಲ್ಲಿ ಯಂತ್ರವು ನಿಮಿಷಕ್ಕೆ ನಿಜವಾಗಿ ಕೊಡುವ ಗಾಳಿಯೆಷ್ಟೆಂದು ವಿಚಾರಿಸತಕ್ಕದ್ದು. ಪಿಸ್ಟನ್ನಿನ ಅಳತೆಯಿಂದ ಲೆಕ್ಕಹಾಕಿದ ಅಂಕಿಯು ಇದಕ್ಕಿಂತ ಹೆಚ್ಚಾಗಿಯೇ ಇರುವುದು. ಚದರಂಗುಲಕ್ಕೆ 90 ಪೌಂಡು ಒತ್ತಡದಲ್ಲಿ ಒಂದು ಅಶ್ವಶಕ್ತಿಗೆ 3-4 ಘನ ಅಡಿ ದೊರೆತರೆ ಸರಿಯೆನ್ನಬಹುದು. ಟೈರಿಗೆ ಸಣ್ಣ ಯಂತ್ರವೂ ಸಾಕು, ಕಾಯುವ ತಾಳ್ಮೆ ಬೇಕಷ್ಟೆ. ಎಡೆಬಿಡದೆ ಬಣ್ಣ ಸಿಂಪಡಿಸಲು ಸಾಲದು. ದಿನದ ಕೆಲಸ ಮುಗಿದೊಡನೆ ಒತ್ತಡವನ್ನು ಇಳಿಸಿ, ತಳದ ನಲ್ಲಿಯಿಂದ ನೀರನ್ನು ಹೊರಬಿಡತಕ್ಕದ್ದು.