ಸಹಾಯಧನವೂ ಅರ್ಜಿಯ ವಿದ್ಯೆಯೂ

ಕೆಲವು ತಿಂಗಳುಗಳ ಹಿಂದೆ ಮಲೆನಾಡಿನ ತರುಣನೊಬ್ಬನು ನಮ್ಮ ಕಾರ್ಯಾಲಯಕ್ಕೆ ಬಂದಿದ್ದನು. ಒಣಗುತ್ತಿರುವ ಅಡಕೆಯಲ್ಲಿ ಎಷ್ಟು ತೇವ ಉಳಿದಿದೆಯೆಂಬುದನ್ನು ಕ್ಷಣಮಾತ್ರದಲ್ಲಿ ತಿಳಿಸುವ ಪುಟ್ಟ ಯಂತ್ರವೊಂದು ಆತನ ಚೀಲದಲ್ಲಿದ್ದಿತು. ಜೊತೆಗೆ, ತಿರಸ್ಕೃತವಾದ ಅರ್ಜಿಯ ಪ್ರತಿಯೊಂದೂ ಇದ್ದಿತು. ಯಂತ್ರವನ್ನು ನೋಡಿ ಸಂತೋಷಪಟ್ಟೆವು. ಅರ್ಜಿಯನ್ನು ಓದಿ ವ್ಯಸನಪಟ್ಟೆವು. ಇಪ್ಪತ್ತು ಪುಟಗಳ ಆ ಬರಹದಲ್ಲಿ ಲೋಕದ ವ್ಯವಸಾಯವೆಲ್ಲವೂ ಅಡಗಿದ್ದಿತು. ಅಡಕೆ ಮಾತ್ರ ಹದಿನಾರನೆಯ ಪುಟದಲ್ಲಿ ಮುಖ ತೋರಿಸಿತು. ಯಂತ್ರವನ್ನು ಎಷ್ಟು ಮನೆಗಳ ಅಂಗಳದಲ್ಲಿ ಪರೀಕ್ಷಿಸಿದ್ದಾಯಿತು, ಎಷ್ಟು ಸಲ ಅದು ತಪ್ಪಿತು ಎಂಬ ಮಾತೇ ಇರಲಿಲ್ಲ. ಕೇಳಿದರೆ, ಎಲ್ಲವನ್ನೂ ತಡೆಯಿಲ್ಲದೆ ಬಾಯಲ್ಲಿ ಹೇಳಿದನು. ಇದನ್ನೇಕೆ ಬರೆಯಲಿಲ್ಲವೆಂದೆವು. "ಇದು ತೀರ ಸಣ್ಣ ಮಾತೆಂದು ತೋರಿತು" ಎಂದನು.

ಸ್ಟಾರ್ಟಪ್ ಎಂದು ಕರೆಯಲ್ಪಡುವ ನೂತನ ಉದ್ಯಮಗಳಿಗೆ ಸರ್ಕಾರದವರು ದ್ರವ್ಯವನ್ನು ತೆಗೆದಿಡಲಿಲ್ಲವೆಂದು ಹೇಳುವುದು ನ್ಯಾಯವಲ್ಲ. 2012ರಲ್ಲಿ ಸ್ಥಾಪಿತವಾದ ಬೈರಾಕ್ ಸಂಸ್ಥೆಯು ಜೀವತಂತ್ರಜ್ಞಾನದ ಹೊಸ ಕಲ್ಪನೆಗಳಿಗೆ 18 ತಿಂಗಳ ಅವಧಿಗೆ 50 ಲಕ್ಷ ರೂಪಾಯಿಗಳವರೆಗೆ ನೀಡುವ ಏರ್ಪಾಡನ್ನು ಮಾಡಿತು. ನಮ್ಮ ರಾಜ್ಯದವರು 2017ರಲ್ಲಿ ‘ಎಲಿವೇಟ್’ ಎಂಬ ಯೋಜನೆಯನ್ನು ತೊಡಗಿ, ಪರೀಕ್ಷಕ ಮಂಡಲಿಯ ಮುಂದೆ ಗೆದ್ದವರಿಗೆ 50 ಲಕ್ಷದವರೆಗೆ ಸಹಾಯ ಒದಗಿಸಿದರು. ಕೇಂದ್ರ ಸರ್ಕಾರದವರು 2021ರಲ್ಲಿ 945 ಕೋಟಿ ರೂಪಾಯಿಗಳ ಬೀಜನಿಧಿಯನ್ನು ಸಾರಿ, ಮಾದರಿಯ ರಚನೆಗೂ ಪರೀಕ್ಷೆಗೂ 20 ಲಕ್ಷದವರೆಗೆ ಸಹಾಯಧನವನ್ನು ಕಂತುಕಂತಾಗಿ ಕೊಡಿಸುವುದೆಂದು ಗೊತ್ತುಮಾಡಿದರು.

ಇಂತಹ ಧನದ ಆವಶ್ಯಕತೆ ಸ್ಪಷ್ಟವಾಗಿಯೇ ಇದೆ. ಬ್ಯಾಂಕು ಆಧಾರವನ್ನು ಕೇಳುತ್ತದೆ. ಬಂಡವಾಳಗಾರನು ಲಾಭವನ್ನು ಕೇಳುತ್ತಾನೆ. ಇನ್ನೂ ಪರೀಕ್ಷೆಗೆ ಒಳಗಾಗದ ಯಂತ್ರಕ್ಕೆ ಇವೆರಡೂ ಇಲ್ಲ. ಆ ಮೊದಲ ಹೆಜ್ಜೆಯ ಅಪಾಯವನ್ನು ಸಾರ್ವಜನಿಕರ ಬೊಕ್ಕಸವು ಹೊರುವುದೇ ಸಹಾಯಧನದ ತತ್ತ್ವ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬಂತೆ, ಬೊಕ್ಕಸಕ್ಕೂ ಕರ್ಮಶಾಲೆಗೂ ನಡುವೆ ಅರ್ಜಿಯೆಂಬುದೊಂದು ನಿಂತಿದೆ. ಯಂತ್ರವನ್ನು ಮಾಡಬಲ್ಲವನು ಸೋತು, ಅರ್ಜಿಯನ್ನು ಮಾಡಬಲ್ಲವನು ಗೆದ್ದರೆ ನಷ್ಟವು ಒಬ್ಬ ತರುಣನದಲ್ಲ, ನಾಡಿನದು.

ಈ ತೊಡಕನ್ನು ಕಂಡು, ಅರ್ಜಿ ಬರೆದುಕೊಡುವುದೇ ಕೆಲವರಿಗೆ ವೃತ್ತಿಯಾಗಿದೆ. ದುಡಿಮೆಗೆ ತಕ್ಕ ಕೂಲಿಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಬಂದ ಹಣದಲ್ಲಿ ಇಷ್ಟು ಪಾಲೆಂದು ಕರಾರು ಮಾಡಿಕೊಳ್ಳುವುದು ಅನರ್ಥಕ್ಕೆ ದಾರಿ. ಯಂತ್ರದ ಪರೀಕ್ಷೆಗೆಂದು ಮಂಜೂರಾದ ಹಣದಲ್ಲಿ ದಲ್ಲಾಳಿಯ ಪಾಲನ್ನು ಯಾವ ಬಾಬಿನಲ್ಲಿ ಬರೆಯುವುದು? ಸುಳ್ಳು ಲೆಕ್ಕವು ಅಲ್ಲಿಂದಲೇ ಮೊದಲಾಗುತ್ತದೆ. ಮೇಲಾಗಿ, ಎರವಲು ತಂದ ಮಾತು ಪರೀಕ್ಷಕರ ಎರಡನೆಯ ಪ್ರಶ್ನೆಗೆ ನಿಲ್ಲುವುದಿಲ್ಲ.

ಅರ್ಜಿಯ ವಿದ್ಯೆ ಕಠಿನವಾದುದೇನೂ ಅಲ್ಲ. ಯಾರ ಯಾವ ಕಷ್ಟವನ್ನು ನಿವಾರಿಸುವುದೆಂಬುದನ್ನು ಮೊದಲ ಪುಟದಲ್ಲಿಯೇ ಹೇಳಬೇಕು. ಈಗಿರುವ ಉಪಾಯಕ್ಕಿಂತ ತನ್ನದು ಎಷ್ಟು ಮೇಲೆಂಬುದನ್ನು ವಿಶೇಷಣಗಳಿಂದಲ್ಲ, ಅಂಕಿಗಳಿಂದ ತೋರಿಸಬೇಕು. ತಿಳಿಯದೆ ಉಳಿದಿರುವ ಸಂಗತಿ ಯಾವುದು, ಅದನ್ನು ತಿಳಿಯಲು ಮಾಡುವ ಪರೀಕ್ಷೆ ಯಾವುದು, ಅದಕ್ಕೆ ಎಷ್ಟು ತಿಂಗಳು, ಎಷ್ಟು ಹಣ ಎಂಬುದನ್ನು ಒಂದಕ್ಕೊಂದು ಹೊಂದಿಸಿ ಬರೆಯಬೇಕು. ಸೋತ ಪ್ರಯೋಗವನ್ನು ಮುಚ್ಚಿಡಬಾರದು. ಸೋಲನ್ನು ಅಳೆದವನೇ ಮುಂದಿನ ಹೆಜ್ಜೆಯನ್ನು ಬಲ್ಲನೆಂದು ಪ್ರಾಜ್ಞನಾದ ಪರೀಕ್ಷಕನು ಅರಿಯುತ್ತಾನೆ. ಇವೆಲ್ಲಕ್ಕಿಂತ ಮೊದಲು ಯೋಜನೆಯ ನಿಯಮಗಳನ್ನು ಓದಬೇಕು. ಬೀಜನಿಧಿಯ ಅರ್ಜಿಗೆ ಕಂಪನಿಯು ಎರಡು ವರ್ಷಕ್ಕಿಂತ ಹಳೆಯದಾಗಿರಬಾರದೆಂಬ ನಿಯಮವಿದ್ದಿತು. ಇದನ್ನರಿಯದೆ ಬರೆದ ಅರ್ಜಿ ಎಷ್ಟು ಸೊಗಸಾಗಿದ್ದರೇನು?

ಈ ವಿದ್ಯೆಯನ್ನು ಕಲಿಸುವುದೂ ಸಾರ್ವಜನಿಕ ಕಾರ್ಯವೇ ಸರಿ. ಅಮೆರಿಕದವರು 1982ರ ಕಾಯಿದೆಯಿಂದ ಸರ್ಕಾರದ ಸಂಶೋಧನಾ ದ್ರವ್ಯದಲ್ಲಿ ಒಂದು ಭಾಗವನ್ನು ಸಣ್ಣ ಉದ್ಯಮಗಳಿಗೆ ಮೀಸಲಿಟ್ಟರು. ಧನವನ್ನು ಇಟ್ಟಮಾತ್ರಕ್ಕೆ ಎಲ್ಲ ಪ್ರಾಂತಗಳ ಉದ್ಯಮಗಾರರಿಗೂ ಅದು ದೊರೆಯದೆಂದು ಕಂಡು, 2000ನೆಯ ಇಸವಿಯಲ್ಲಿ ಅಂತಹವರಿಗೆ ಸ್ಥಳೀಯವಾಗಿ ನೆರವಾಗುವ ಸಂಸ್ಥೆಗಳಿಗೂ ಶಾಸನದ ಮೂಲಕ ಸಹಾಯ ಕಲ್ಪಿಸಿದರು. ನಮ್ಮಲ್ಲಿ ಜಿಲ್ಲೆ ಜಿಲ್ಲೆಗೂ ಪಾಲಿಟೆಕ್ನಿಕ್ಕುಗಳಿವೆ, ಇಂಜಿನಿಯರಿಂಗ್ ಕಾಲೇಜುಗಳಿವೆ. ವಾರಕ್ಕೆ ಒಂದು ಸಂಜೆ ಅಲ್ಲಿ ಒಬ್ಬ ಅಧ್ಯಾಪಕರೂ ಒಬ್ಬ ಲೆಕ್ಕಪರಿಶೋಧಕರೂ ಕುಳಿತು ಕನ್ನಡದಲ್ಲಿಯೇ ಕೇಳಿ, ತಿದ್ದಿ, ದಾರಿ ತೋರಿಸುವುದಕ್ಕೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ತಿರಸ್ಕರಿಸುವ ಅಧಿಕಾರಿಗಳು ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಅದೇ ಅರ್ಧ ಪಾಠವಾದೀತು.

ನಮ್ಮ ವಾಚಕರಲ್ಲಿ ಕಡತಗಳನ್ನು ಓದಿ ಓದಿ ಕೂದಲು ಹಣ್ಣಾದವರು ಅನೇಕರಿದ್ದಾರೆ. ಯಾವ ಅರ್ಜಿ ನಿಲ್ಲುವುದು, ಯಾವುದು ಬೀಳುವುದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ತಮ್ಮ ಊರಿನ ತರುಣನೊಬ್ಬನ ಬರಹವನ್ನು ಎರಡು ಸಂಜೆ ಕುಳಿತು ಓದಿಕೊಡಬೇಕೆಂದು ಅವರಲ್ಲಿ ನಮ್ಮ ಬಿನ್ನಹ. ನಮ್ಮಲ್ಲಿಗೆ ಬಂದಿದ್ದ ತರುಣನು ಎಂಟು ಪುಟಗಳ ಹೊಸ ಅರ್ಜಿಯನ್ನು ಕಳುಹಿಸಿದ್ದಾನೆ. ಅದರ ಫಲವಿನ್ನೂ ತಿಳಿದಿಲ್ಲ. ಅಡಕೆ ಈಗ ಮೊದಲನೆಯ ಸಾಲಿನಲ್ಲಿಯೇ ಇದೆ.