ಕಿಟಕಿಯಿಂದ ಕಂಡದ್ದು

ಹಂಪೆಗೆ ಹೋಗಿಬಂದವರಲ್ಲಿ ಅನೇಕರು ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿರುವ ಒಂದು ಕತ್ತಲೆಯ ಕೋಣೆಯನ್ನು ನೋಡಿರಬಹುದು. ಆ ಕೋಣೆಗೆ ಒಂದು ಸಣ್ಣ ಕಿಂಡಿಯುಂಟು. ದೇವಾಲಯದ ಪೂರ್ವದಲ್ಲಿರುವ ಮಹಾಗೋಪುರವು ಸುಮಾರು 50 ಮೀಟರು ಎತ್ತರವಾದದ್ದು. ಅಷ್ಟು ದೊಡ್ಡ ಗೋಪುರವು ಈ ಕಿಂಡಿಯ ಮೂಲಕ ಒಳಕ್ಕೆ ಬಂದು, ಎದುರುಗೋಡೆಯ ಮೇಲೆ ತಲೆಕೆಳಗಾಗಿ ನಿಲ್ಲುತ್ತದೆ. ನೋಡಿದವರು ಇದನ್ನು ಶಿಲ್ಪಿಯ ಚಮತ್ಕಾರವೆಂದು ಮೆಚ್ಚುವರು, ಕೆಲವರು ಕೈಮುಗಿಯುವರು. ಅದರ ಕಾರಣವೇನೋ ಸರಳವಾಗಿಯೇ ಇದೆ. ಬೆಳಕು ನೇರವಾಗಿ ಹರಿಯತಕ್ಕದ್ದು. ಗೋಪುರದ ತುದಿಯಿಂದ ಹೊರಟ ಕಿರಣವು ಕಿಂಡಿಯನ್ನು ದಾಟಿ ಗೋಡೆಯ ಕೆಳಭಾಗವನ್ನು ಸೇರುವುದು. ಬುಡದಿಂದ ಹೊರಟದ್ದು ಮೇಲ್ಭಾಗವನ್ನು ಸೇರುವುದು. ಆದಕಾರಣ ಬಿಂಬವು ತಲೆಕೆಳಗಾಗುತ್ತದೆ.

ನಾವು ಈಗ ಕ್ಯಾಮರ ಎಂದು ಕರೆಯುವ ಪೆಟ್ಟಿಗೆಯೂ ಇಂತಹ ಕೋಣೆಯೇ ಆಗಿದೆ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ಕೋಣೆಯೆಂದೇ ಅರ್ಥ. ಕೋಣೆಯನ್ನು ಕುಗ್ಗಿಸಿ ಪೆಟ್ಟಿಗೆಯನ್ನು ಮಾಡಿದರು, ಕಿಂಡಿಗೆ ಮಸೂರವನ್ನು ಕೂಡಿಸಿದರು, ಗೋಡೆಯ ಸ್ಥಾನದಲ್ಲಿ ಬೆಳಕಿಗೆ ಮಾರ್ಪಡುವ ವಸ್ತುವನ್ನು ಇಟ್ಟರು. ಹೀಗೆ ನೋಡಿದರೆ ಕಿಟಕಿಯಿಂದ ಚಿತ್ರ ತೆಗೆಯುವವನು ಒಂದು ಕೋಣೆಯೊಳಗೆ ನಿಂತು ಇನ್ನೊಂದು ಕೋಣೆಯನ್ನು ಕೈಯಲ್ಲಿ ಹಿಡಿದಿರುತ್ತಾನೆ. ನಮ್ಮ ಹಿರಿಯರು ಕಿಟಕಿಯನ್ನು ಗವಾಕ್ಷವೆಂದರು. ಹಸುವಿನ ಕಣ್ಣು ಎಂಬುದು ಅದರ ಅರ್ಥ. ಮನೆಗೂ ಕಣ್ಣುಂಟೆಂದು ತಿಳಿದವರ ಮಾತು ಅದು.

ಈಗ ಉಳಿದಿರುವ, ಕ್ಯಾಮರದಿಂದ ತೆಗೆದ ಛಾಯಾಚಿತ್ರಗಳಲ್ಲಿ ಅತ್ಯಂತ ಹಳೆಯದು ಯಾವುದು? ಅರಮನೆಯದಲ್ಲ, ಅರಸನದಲ್ಲ, ಒಂದು ಹಳ್ಳಿಯ ಮನೆಯ ಮಹಡಿಯ ಕಿಟಕಿಯಿಂದ ಕಂಡ ಅಂಗಳದ ಚಿತ್ರ. ಫ್ರಾನ್ಸ್ ದೇಶದ ಷಾಲೋನ್ ಎಂಬ ಊರಿನ ಬಳಿಯ ಸೇಂಟ್ ಲೂ ದ ವಾರೆನ್ ಗ್ರಾಮದಲ್ಲಿ ನಿಸೆಫೋರ್ ನಿಯೆಪ್ಸ್ (1765–1833) ಎಂಬಾತನಿದ್ದನು. ಡಾಂಬರಿನ ಜಾತಿಗೆ ಸೇರಿದ ಒಂದು ಕಪ್ಪು ಅಂಟು ಬಿಸಿಲಿಗೆ ಗಟ್ಟಿಯಾಗುವುದನ್ನು ಆತನು ಕಂಡುಕೊಂಡನು. 1826 ಅಥವಾ 1827ರಲ್ಲಿ, ತವರವೇ ಹೆಚ್ಚಾಗಿದ್ದ ಮಿಶ್ರಲೋಹದ ತಗಡೊಂದಕ್ಕೆ ಆ ಅಂಟನ್ನು ತೆಳುವಾಗಿ ಬಳಿದು, ಕ್ಯಾಮರದಲ್ಲಿಟ್ಟು, ಕಿಟಕಿಯ ಬಳಿ ನಿಲ್ಲಿಸಿದನು. ತಗಡು ಸುಮಾರು 16 ಸೆಂಟಿಮೀಟರು ಅಗಲ, 20 ಸೆಂಟಿಮೀಟರು ಉದ್ದ. ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಯಿತು. ಬೀಳದ ಕಡೆಯದನ್ನು ಲ್ಯಾವೆಂಡರ್ ಎಣ್ಣೆ ಮೊದಲಾದುವುಗಳಿಂದ ತೊಳೆದುಹಾಕಿದನು. ಉಳಿದದ್ದು ಚಿತ್ರ.

ಅದರಲ್ಲಿ ಕಾಣುವುದೇನು? ಎಡಗಡೆ ಪಾರಿವಾಳದ ಗೂಡಿನ ಗೋಪುರ, ಒಂದು ಪೇರು ಮರ, ನಡುವೆ ಕೊಟ್ಟಿಗೆಯ ಇಳಿಜಾರು ಮಾಡು, ಬಲಗಡೆ ಮನೆಯ ಮತ್ತೊಂದು ಪಾರ್ಶ್ವ. ಇಷ್ಟೆ. ಆದರೆ ಸೂಕ್ಷ್ಮವಾಗಿ ನೋಡಿದವರಿಗೆ ಒಂದು ವಿಚಿತ್ರ ಕಾಣಬರುತ್ತದೆ. ಅಂಗಳದ ಎರಡು ಕಡೆಯ ಗೋಡೆಗಳ ಮೇಲೂ ಬಿಸಿಲಿದೆ! ಬೆಳಗಿನ ಸೂರ್ಯ ಒಂದು ಗೋಡೆಯನ್ನು ಬೆಳಗಿದನು, ಸಂಜೆಯ ಸೂರ್ಯ ಇನ್ನೊಂದನ್ನು. ತಗಡು ಎರಡನ್ನೂ ಬರೆದುಕೊಂಡಿತು. ಆ ಚಿತ್ರಕ್ಕೆ ಎಂಟು ಗಂಟೆಗಳು ಹಿಡಿದುವೆಂದು ಬಹುಕಾಲ ಹೇಳುತ್ತಿದ್ದರು. ಕೆಲವು ದಿನಗಳೇ ಹಿಡಿದಿರಬೇಕೆಂದು ಅನಂತರದ ಸಂಶೋಧಕರು ಹೇಳುತ್ತಾರೆ. 1827ರಲ್ಲಿ ನಿಯೆಪ್ಸನು ಅದನ್ನು ಇಂಗ್ಲೆಂಡಿಗೆ ಕೊಂಡೊಯ್ದನು. ವಿಧಾನದ ಗುಟ್ಟನ್ನು ಬಿಡಲೊಪ್ಪದ ಕಾರಣ ರಾಯಲ್ ಸೊಸೈಟಿಯವರು ಅವನ ಲೇಖನವನ್ನು ಸ್ವೀಕರಿಸಲಿಲ್ಲ. ತಗಡನ್ನು ಅಲ್ಲಿಯೇ ಸ್ನೇಹಿತನೊಬ್ಬನಿಗೆ ಕೊಟ್ಟು ಆತನು ಊರಿಗೆ ಹಿಂದಿರುಗಿದನು. ಕೈಯಿಂದ ಕೈಗೆ ಹೋಗಿ ಕಡೆಗೆ ಕಾಣದಾದ ಆ ತಗಡನ್ನು 1952ರಲ್ಲಿ ಹೆಲ್ಮುಟ್ ಗರ್ನ್‌ಷೈಮ್ ಎಂಬ ಇತಿಹಾಸಕಾರರು ಒಂದು ಟ್ರಂಕಿನಿಂದ ಹುಡುಕಿ ತೆಗೆಸಿದರು. 1963ರಿಂದ ಅದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದೆ.

ಇದಾದ ಮೇಲೆ 1835ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ಲೇಕಾಕ್ ಎಂಬಲ್ಲಿ ಫಾಕ್ಸ್ ಟಾಲ್ಬಟ್ ಎಂಬ ವಿದ್ವಾಂಸನು ತನ್ನ ಮನೆಯ ಕಿಟಕಿಯನ್ನೇ ಒಳಗಿನಿಂದ ಚಿತ್ರಿಸಿದನು. ಇದು ಕಾಗದದ ಮೇಲೆ ಮೂಡಿದ ಚಿತ್ರ. ಅಂಚೆಚೀಟಿಗಿಂತ ಅಷ್ಟೇನೂ ದೊಡ್ಡದಲ್ಲ. ಕಿಟಕಿಯ ಗಾಜಿನ ಚೌಕಗಳು ಸುಮಾರು 200 ಇದ್ದುವೆಂದೂ, ಚಿತ್ರ ಹೊಸದಾಗಿದ್ದಾಗ ಭೂತಗನ್ನಡಿ ಹಿಡಿದರೆ ಅವನ್ನು ಎಣಿಸಬಹುದಾಗಿತ್ತೆಂದೂ ಆತನು ಅದರ ಪಕ್ಕದಲ್ಲಿ ಬರೆದಿಟ್ಟಿದ್ದಾನೆ. ಆತನ ಪುಟ್ಟ ಪೆಟ್ಟಿಗೆಗಳನ್ನು ಹೆಂಡತಿಯು ಇಲಿಬೋನುಗಳೆಂದು ಕರೆಯುತ್ತಿದ್ದಳಂತೆ. ಮೂರು ವರ್ಷಗಳ ತರುವಾಯ, 1838ರಲ್ಲಿ, ಪ್ಯಾರಿಸ್ ನಗರದಲ್ಲಿ ಡಗೆರ್ ಎಂಬಾತನು ತನ್ನ ಕಿಟಕಿಯಿಂದ ಕೆಳಗಿನ ಬೀದಿಯ ಚಿತ್ರವನ್ನು ತೆಗೆದನು. ಆ ಬೀದಿ ಜನಸಂದಣಿಯ ಬೀದಿ. ಗಾಡಿಗಳೂ ಪಾದಚಾರಿಗಳೂ ಹೋಗುತ್ತಲೇ ಇದ್ದರು. ಚಿತ್ರ ಮೂಡಲು ಕೆಲವು ನಿಮಿಷಗಳೇ ಬೇಕಾಗಿದ್ದುದರಿಂದ ನಡೆಯುತ್ತಿದ್ದವರು ಯಾರೂ ಅದರಲ್ಲಿ ಉಳಿಯಲಿಲ್ಲ. ಬೀದಿಯ ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತಿದ್ದವನೊಬ್ಬನು ಮಾತ್ರ ಉಳಿದನು. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಅವನೊಬ್ಬನೆಂದು ಎಣಿಕೆ. ಅವನ ಹೆಸರು ಯಾರಿಗೂ ತಿಳಿಯದು. ತನ್ನ ಚಿತ್ರ ಬಂತೆಂಬುದು ಅವನಿಗೂ ತಿಳಿದಿರಲಾರದು.

ಮೂವರೂ ಕಿಟಕಿಗೇ ಬಂದದ್ದೇಕೆ? ಪೆಟ್ಟಿಗೆಯನ್ನು ಗಂಟೆಗಟ್ಟಲೆ ಅಲುಗದಂತೆ ಇಡಬೇಕಾಗಿತ್ತು. ಗಾಳಿಮಳೆಯ ಭಯವಿರಬಾರದು, ತಗಡನ್ನು ಸಿದ್ಧಮಾಡುವ ಕತ್ತಲೆಯ ಕೋಣೆ ಹತ್ತಿರದಲ್ಲಿರಬೇಕು, ಎದುರಿಗೆ ಧಾರಾಳವಾಗಿ ಬಿಸಿಲಿರಬೇಕು. ಇಷ್ಟೂ ಒಂದೆಡೆ ದೊರೆಯುವುದು ಕಿಟಕಿಯಲ್ಲಿ. 1888ರಲ್ಲಿ ಈಸ್ಟ್‌ಮನ್ ಎಂಬಾತನು ನೂರು ಚಿತ್ರಗಳ ಸುರುಳಿಯನ್ನು ತುಂಬಿದ ಕೊಡಕ್ ಕ್ಯಾಮರವನ್ನು 25 ಡಾಲರುಗಳಿಗೆ ಮಾರತೊಡಗಿದ ಮೇಲೆ ಹವ್ಯಾಸಿಗಳು ಮನೆ ಬಿಟ್ಟು ಹೊರಟರು. ಬೆಟ್ಟ, ಸಮುದ್ರ, ದೇವಸ್ಥಾನ, ಮದುವೆ, ಎಲ್ಲವೂ ಚಿತ್ರಕ್ಕೆ ಬಂದುವು. ಕಿಟಕಿಯನ್ನು ಬಹುಮಟ್ಟಿಗೆ ಮರೆತರು. ಹೊರಗೆ ಹೋಗಲಾಗದವರು ಮಾತ್ರ ಮತ್ತೆ ಅಲ್ಲಿಗೆ ಬಂದರು.

ಅಂತಹವರಲ್ಲಿ ನನ್ನ ಅಕ್ಕನೂ ಒಬ್ಬಳು. ಮಲೆನಾಡಿನ ಒಂದು ಹಳ್ಳಿಯಲ್ಲಿ ಅವಳ ಮನೆ. 2019ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮರುವರ್ಷ ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಲ್ಲಿದ್ದ ನಾನು ಅವಳನ್ನು ನೋಡಲು ಹೋಗುವಂತಿರಲಿಲ್ಲ. ಟೆಲಿಫೋನಿನಲ್ಲಿ ಕೇಳಿದರೆ, “ಎಲ್ಲ ಸರಿಯಾಗಿದೆ ಕಣೋ” ಎಂಬ ಒಂದೇ ಉತ್ತರ. ಆಗ ನಾನು, “ನಿನ್ನ ಮಂಚದ ಪಕ್ಕದ ಕಿಟಕಿಯಿಂದ ಏನು ಕಾಣುತ್ತದೋ ಅದನ್ನು ದಿನಕ್ಕೊಂದು ಚಿತ್ರ ತೆಗೆದು ಕಳುಹಿಸು” ಎಂದೆ. ಮೊಮ್ಮಗಳ ಮೊಬೈಲ್ ಫೋನಿನಿಂದ ಮೊದಲನೆಯ ಚಿತ್ರ ಬಂತು. ಅದರಲ್ಲಿ ಕಿಟಕಿಯ ಸರಳುಗಳೂ ಒಳಗಿನ ಗೋಡೆಯೂ ಚೆನ್ನಾಗಿಯೇ ಬಂದಿದ್ದುವು. ಹೊರಗಿನದೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಇದು ಎಲ್ಲರಿಗೂ ಆಗತಕ್ಕ ತಪ್ಪು. ಹಗಲಿನಲ್ಲಿ ಹೊರಗಿನ ಬೆಳಕು ಒಳಗಿನದಕ್ಕಿಂತ ನೂರಾರು ಪಟ್ಟು ಹೆಚ್ಚಾಗಿರುತ್ತದೆ. ನಮ್ಮ ಕಣ್ಣು ಒಳಗೊಮ್ಮೆ ಹೊರಗೊಮ್ಮೆ ಹೊರಳುತ್ತ, ಹೊರಳಿದಾಗಲೆಲ್ಲ ತನ್ನನ್ನು ಹೊಂದಿಸಿಕೊಳ್ಳುವುದರಿಂದ ನಮಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಮರಕ್ಕೆ ಆ ಸೌಕರ್ಯವಿಲ್ಲ. ಅದು ಒಂದನ್ನು ಆರಿಸಿಕೊಳ್ಳಬೇಕು. ಒಳಗನ್ನು ಆರಿಸಿದರೆ ಹೊರಗು ಬಿಳಿದಾಗುವುದು. ಹೊರಗನ್ನು ಆರಿಸಿದರೆ ಕಿಟಕಿಯ ಚೌಕಟ್ಟು ಮಸಿಯಂತಾಗುವುದು. ಮೊಬೈಲಿನಲ್ಲಾದರೆ ಪರದೆಯ ಮೇಲೆ ಕಾಣುವ ಮರವನ್ನೋ ಆಕಾಶವನ್ನೋ ಬೆರಳಿನಿಂದ ಮುಟ್ಟಬೇಕು; ಕ್ಯಾಮರವು ಅಲ್ಲಿನ ಬೆಳಕನ್ನು ಅಳೆದುಕೊಳ್ಳುತ್ತದೆ. ಎರಡೂ ಬೇಕೆನ್ನುವವರು ಸೂರ್ಯೋದಯದ ಮುಂಚಿನ ಅಥವಾ ದೀಪ ಹೊತ್ತಿಸುವ ಹೊತ್ತನ್ನು ಕಾಯಬೇಕು. ಆಗ ಒಳಹೊರಗಿನ ಬೆಳಕುಗಳು ಕೆಲವು ನಿಮಿಷ ಸಮಸಮನಾಗಿರುತ್ತವೆ. ಈಚಿನ ಫೋನುಗಳು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರಿಂದ ಹೊರಗನ್ನೂ ಇನ್ನೊಂದರಿಂದ ಒಳಗನ್ನೂ ಹೊಲಿದು ಕೊಡುವುದುಂಟು. ಅದು ಅನುಕೂಲವೇ, ಆದರೆ ಅಂತಹ ಚಿತ್ರಗಳಲ್ಲಿ ಕೋಣೆಯ ತಂಪು ಇರುವುದಿಲ್ಲವೆಂದು ನನಗೆ ತೋರುತ್ತದೆ. ಕಿಟಕಿಯ ಚಿತ್ರದಲ್ಲಿ ಒಂದಿಷ್ಟು ಕತ್ತಲೆ ಇರಲಿ.

ಗಾಜಿದ್ದರೆ ಇನ್ನೊಂದು ತೊಡಕು. ಕೋಣೆಯ ದೀಪವೂ ಚಿತ್ರ ತೆಗೆಯುವವನ ಬಿಳಿಯ ಅಂಗಿಯೂ ಗಾಜಿನಲ್ಲಿ ಪ್ರತಿಬಿಂಬಿಸಿ ಹೊರಗಿನ ನೋಟದ ಮೇಲೆ ಕುಳಿತುಬಿಡುತ್ತವೆ. ದೀಪವನ್ನು ಆರಿಸಿ, ಗಾಜನ್ನು ಒರೆಸಿ, ಮಸೂರವನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು, ಸುತ್ತಲೂ ಕಪ್ಪು ಬಟ್ಟೆಯನ್ನು ಮರೆಮಾಡಿದರೆ ಈ ಕಾಟ ತಪ್ಪುತ್ತದೆ. ಕ್ಯಾಮರದ ಮಿಂಚುದೀಪವನ್ನಂತೂ ಹಾಕಲೇ ಕೂಡದು. ಸೊಳ್ಳೆಯ ಬಲೆಗೂ ಇದೇ ಉಪಾಯ: ಮಸೂರವು ಬಲೆಗೆ ತೀರ ಸಮೀಪವಾದರೆ, ದೂರದ್ದರ ಮೇಲೆ ದೃಷ್ಟಿಯಿಟ್ಟ ಕ್ಯಾಮರಕ್ಕೆ ಬಲೆ ಬಹುಮಟ್ಟಿಗೆ ಕಾಣದೆ ಹೋಗುತ್ತದೆ.

ಆದರೆ ಸರಳುಗಳನ್ನು ಮರೆಸಬೇಕೆಂದು ನಾನು ಹೇಳಲಾರೆ. ಹವ್ಯಾಸಿಗಳು ಸಾಮಾನ್ಯವಾಗಿ ಕೈಯನ್ನು ಹೊರಕ್ಕೆ ಚಾಚಿ ಬೀದಿಯನ್ನು ಮಾತ್ರ ತೆಗೆಯುತ್ತಾರೆ. ಆ ಚಿತ್ರ ಬೀದಿಯದಾಗುತ್ತದೆ, ಕಿಟಕಿಯದಾಗುವುದಿಲ್ಲ. ಚೌಕಟ್ಟಿನ ಒಂದಂಚು, ಒಣಗಲು ಇಟ್ಟ ಲೋಟ, ಔಷಧದ ಸೀಸೆ, ಇವುಗಳಲ್ಲಿ ಯಾವುದಾದರೊಂದು ಸೇರಿದರೆ ನೋಡಿದವನು ಯಾರೋ ಇಲ್ಲಿ ಕುಳಿತು ನೋಡುತ್ತಿದ್ದಾರೆಂದು ತಿಳಿಯುತ್ತಾನೆ. ಪ್ರಾಗ್ ನಗರದ ಯೋಸೆಫ್ ಸುದೆಕ್ (1896–1976) ಎಂಬುವರು ಇದನ್ನು ಬಲ್ಲವರಾಗಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಅವರು ಬಲಗೈಯನ್ನು ಕಳೆದುಕೊಂಡಿದ್ದರು. ಎರಡನೆಯ ಯುದ್ಧದ ಕಾಲದಲ್ಲಿ ನಗರವು ಜರ್ಮನರ ವಶವಾಗಿ, ಹೊರಗೆ ಕ್ಯಾಮರ ಹಿಡಿದು ತಿರುಗುವುದು ಸುಲಭವಲ್ಲದಾದಾಗ, 1940ರಿಂದ ಮೊದಲುಮಾಡಿ 1954ರ ವರೆಗೆ ತಮ್ಮ ಚಿತ್ರಶಾಲೆಯ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದರು. ಗಾಜಿನ ಮೇಲಿನ ಮಂಜು, ಇಳಿಯುವ ಹನಿ, ಅದರಾಚೆ ಅಂಗಳದ ಒಂದು ಸೊಟ್ಟ ಮರ. ಹದಿನಾಲ್ಕು ವರ್ಷ ಒಂದೇ ಕಿಟಕಿ! ಒಂದೂ ಇನ್ನೊಂದರಂತಿಲ್ಲ.

ಅಕ್ಕನ ಚಿತ್ರಗಳು ಹಾಗಿದ್ದುವೆಂದು ನಾನು ಹೇಳುತ್ತಿಲ್ಲ. ಹಲವು ಓರೆಯಾಗಿದ್ದುವು, ಕೆಲವದರಲ್ಲಿ ಅವಳ ಬೆರಳೇ ಮುಖ್ಯ ವಿಷಯವಾಗಿತ್ತು. ಆದರೆ ದಿನವೂ ಅದೇ ಕಿಟಕಿ, ಅದೇ ಹೊತ್ತು, ಆದ್ದರಿಂದ ಬದಲಾದದ್ದೆಲ್ಲ ಕಣ್ಣಿಗೆ ಬೀಳುತ್ತಿತ್ತು. ಕಿಟಕಿಯ ಹಲಗೆಯ ಮೇಲಿನ ಮಾತ್ರೆಯ ಪೊಟ್ಟಣ ಎರಡಾದದ್ದು ನನಗೆ ತಿಳಿದದ್ದು ಚಿತ್ರದಿಂದ. ಜೂನ್ ತಿಂಗಳಲ್ಲಿ ಒಂದು ದಿನ, ಅಂಗಳದಾಚೆಯ ಹಲಸಿನ ಮರಕ್ಕೆ ಏಣಿ ಆನಿಸಿತ್ತು. ಮರುದಿನದ ಚಿತ್ರದಲ್ಲಿ ಕೊಂಬೆಗಳಿರಲಿಲ್ಲ. ಅದರ ಮರುದಿನ ಆಕಾಶ ದೊಡ್ಡದಾಗಿತ್ತು. ಅದು ನಮ್ಮ ತಂದೆ ನೆಟ್ಟ ಮರ. ಅದನ್ನು ಯಾಕೆ ಮಾರಿದರು, ದುಡ್ಡಿಗೆ ಯಾವ ಅಡಚಣೆ ಬಂದಿತ್ತು ಎಂಬುದನ್ನು ಅವಳು ಹೇಳಲಿಲ್ಲ. ಚಿತ್ರವನ್ನು ಮಾತ್ರ ತಪ್ಪದೆ ಕಳುಹಿಸಿದಳು. ನಾನು ಕೇಳಿದ ಮೇಲೆಯೇ ಆಸ್ಪತ್ರೆಯ ಸಾಲದ ವಿಷಯ ಹೊರಬಿದ್ದದ್ದು.

ಇಂತಹ ಚಿತ್ರಗಳನ್ನು ಗುರುತಿಲ್ಲದವರೊಡನೆಯೂ ಹಂಚಿಕೊಳ್ಳುವ ಪದ್ಧತಿ ಬೆಳೆದಿದೆ. ಅಮೆರಿಕದಲ್ಲಿ ನೆಲಸಿದ ಆಂಡ್ರ್ಯೂ ಸಲಿವನ್ ಎಂಬ ಪತ್ರಕರ್ತರು 2006ರಲ್ಲಿ ಅಂತರಜಾಲದ ತಮ್ಮ ಅಂಕಣಕ್ಕೆ ಓದುಗರಿಂದ ಅವರವರ ಕಿಟಕಿಯ ನೋಟಗಳನ್ನು ತರಿಸಿ ಪ್ರಕಟಿಸತೊಡಗಿದರು. 2009ರಲ್ಲಿ ಅವು ಪುಸ್ತಕವಾಗಿ ಬಂದುವು. 2020ರ ಮಾರ್ಚಿಯಲ್ಲಿ ಬಾರ್ಬರಾ ಡ್ಯೂರಿಯೋ ಎಂಬ ಬೆಲ್ಜಿಯಂ ದೇಶದ ಮಹಿಳೆ ಮನೆಯೊಳಗೆ ಉಳಿದವರಿಗಾಗಿ ಇಂಥದೇ ಒಂದು ಕೂಟವನ್ನು ಆರಂಭಿಸಿದರು. ಕೆಲವೇ ವಾರಗಳಲ್ಲಿ ಲೋಕದ ಮೂಲೆಮೂಲೆಗಳಿಂದ ಇಪ್ಪತ್ತು ಲಕ್ಷಕ್ಕೆ ಹೆಚ್ಚು ಜನ ಸೇರಿದರು. ಹಿಮದ ಬೆಟ್ಟವನ್ನು ನೋಡುವವರೂ, ಎದುರುಮನೆಯ ಗೋಡೆಯನ್ನಷ್ಟೆ ನೋಡುವವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತರು. ನನಗಂತೂ ಗೋಡೆಯ ಚಿತ್ರಗಳೇ ಹೆಚ್ಚು ಹಿಡಿಸಿದುವು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಲಿವನ್ನರ ಅಂಕಣದಲ್ಲಿ 2010ರಿಂದ, ಚಿತ್ರವನ್ನು ನೋಡಿ ಸ್ಥಳವನ್ನು ಊಹಿಸುವ ಒಂದು ಸ್ಪರ್ಧೆಯೂ ನಡೆಯುತ್ತಿತ್ತು. ಮಾಡಿನ ಹೆಂಚು, ಮರದ ಜಾತಿ, ನೆರಳಿನ ದಿಕ್ಕು ಇಷ್ಟರಿಂದಲೇ ಓದುಗರು ಊರನ್ನು ಮಾತ್ರವಲ್ಲ, ಕಟ್ಟಡವನ್ನೂ ಕಿಟಕಿಯನ್ನೂ ಪತ್ತೆಹಚ್ಚುತ್ತಿದ್ದರು. ಹಾಗೆಂದ ಮೇಲೆ, ಒಬ್ಬಂಟಿಯಾಗಿರುವವರು ತಮ್ಮ ಕಿಟಕಿಯ ನೋಟವನ್ನು ಅಪರಿಚಿತರ ಮುಂದಿಡುವಾಗ ಯೋಚಿಸಬೇಕು. ಅದಕ್ಕಿಂತ ದೊಡ್ಡದು ನೆರೆಯವರ ಮಾತು. ನಮ್ಮ ಊರುಗಳಲ್ಲಿ ಕಿಟಕಿಗೆ ಕಿಟಕಿ ಎದುರಾಗಿರುವುದುಂಟು. ಎದುರುಮನೆಯ ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುವ ಹೆಂಗಸು ನಮಗೆ ನೋಟವಾಗಬಹುದು. ಅವಳಿಗೆ ಅದು ಅವಳ ಮನೆ. ಕಣ್ಣಿಗೆ ಬಿದ್ದದ್ದಕ್ಕೆ ದೋಷವಿಲ್ಲ, ಕಂಡದ್ದನ್ನು ಹತ್ತು ಜನರಿಗೆ ತೋರಿಸುವುದಕ್ಕೆ ಉಂಟು. ಡಗೆರನ ಬೀದಿಯ ಮನುಷ್ಯ ದೂರದಲ್ಲಿದ್ದನು, ಮುಖ ಕಾಣದಷ್ಟು ಚಿಕ್ಕದಾಗಿದ್ದನು. ಈಗಿನ ಮಸೂರಗಳು ಅಷ್ಟು ದಾಕ್ಷಿಣ್ಯದವಲ್ಲ.

ತೆಗೆದ ಚಿತ್ರಗಳಲ್ಲಿ ಕೆಲವನ್ನಾದರೂ ಕಾಗದಕ್ಕೆ ಅಚ್ಚುಹಾಕಿಸಿ, ಹಿಂಭಾಗದಲ್ಲಿ ಸೀಸದಕಡ್ಡಿಯಿಂದ ಊರು, ತಾರೀಖು, ಗಂಟೆ, ಕಿಟಕಿಯ ದಿಕ್ಕು ಇವನ್ನು ಬರೆದು, ಬಿಸಿಲೂ ತೇವವೂ ತಾಗದ ಕಡೆ ಇಡುವುದು ಒಳ್ಳೆಯದು. ಅಕ್ಕ ಕಳುಹಿಸಿದವು ನನ್ನ ಬಳಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ಏಣಿಯದೂ ಇದೆ. ಮೊದಲನೆಯದು, ಹೊರಗೆಲ್ಲ ಬೆಳ್ಳಗಾಗಿರುವುದು, ಅದೂ ಇದೆ. ಅದರ ಹಿಂದೆ ತಾರೀಖಿನ ಕೆಳಗೆ “ಹಲಸಿನ ಮರ ಇದರಲ್ಲಿದೆ” ಎಂದು ಬರೆದಿದ್ದೇನೆ.